ಕ್ಯಾಸನೂರಿನ ವೈರಾಣುವಿಗೆ ವಿದ್ಯಾರ್ಥಿ ಸಿಗುವುದಿಲ್ಲವೇಕೆ?

ವೈರಾಣುಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಲು ಕರ್ನಾಟಕದಿಂದ ಹೊರದೇಶಕ್ಕೆ ಹೊರಡುವ ವಿದ್ಯಾರ್ಥಿಯ ಬಗ್ಗೆ ಕನ್ನಡದಲ್ಲಿ ಎರಡೇ ಬಗೆಯ ಮಾತು ಚಲಾವಣೆಯಲ್ಲಿವೆ. ಊರಿನಲ್ಲಿ ಅದರ ಹೆಸರು ‘ಪ್ರತಿಭಾ ಪಲಾಯನ’. ಜನರ ತೆರಿಗೆಯಲ್ಲಿ ಓದಿ, ಫಲ ಕೊಡುವ ಹೊತ್ತಿಗೆ ಪರರ ತೋಟ ಸೇರಿದ ಮರ ಎಂದು ಅಲ್ಲಿ ದೂರುತ್ತಾರೆ. ಹೊರದೇಶದ ಕನ್ನಡ ಸಂಘದ ವೇದಿಕೆಯಲ್ಲಿ ಅದೇ ಸಂಗತಿ ‘ಕನ್ನಡಿಗರ ಹೆಮ್ಮೆ’ಯಾಗುತ್ತದೆ, ಶಾಲು ಹೊದಿಸಿ ಫೋಟೊ ತೆಗೆಸಿಕೊಳ್ಳುತ್ತಾರೆ. ದೂರು, ಶಾಲು ಎರಡೂ ಬೀಳುವುದು ಒಬ್ಬ ವ್ಯಕ್ತಿಯ ಹೆಗಲಿಗೇ. ಆ ವ್ಯಕ್ತಿ ಓದಬೇಕಾಗಿದ್ದ ವಿಷಯಕ್ಕೆ ಊರಿನಲ್ಲಿ ಜಾಗವಿತ್ತೇ, ಇಲ್ಲದಿದ್ದರೆ ಯಾಕಿರಲಿಲ್ಲ ಎಂಬ ಪ್ರಶ್ನೆಯನ್ನು ಮಾತ್ರ ಇಬ್ಬರೂ ಕೇಳುವುದಿಲ್ಲ. ಆ ಪ್ರಶ್ನೆಯನ್ನು ಕೇಳದಿರುವುದರಿಂದ ಯಾರಿಗೆ ಅನುಕೂಲ ಎಂಬುದನ್ನು ಈಗಲಾದರೂ ವಿಚಾರಿಸಬೇಕಾಗಿದೆ.

ಜುರಾಂಗ್ ವೆಸ್ಟ್ ಸಿಂಗಪುರದ ಪಶ್ಚಿಮ ಭಾಗದ ವಸತಿ ಪ್ರದೇಶ. ಬೂನ್ ಲೇ ನಿಲ್ದಾಣದಲ್ಲಿ 179ನೇ ನಂಬರಿನ ಬಸ್ಸು ಹತ್ತಿದರೆ ಅದು ಸರ್ಕಾರಿ ವಸತಿ ಕಟ್ಟಡಗಳ ಸಾಲುಗಳ ನಡುವೆ ಹಾದು ನಾನ್ಯಾಂಗ್ ತಾಂತ್ರಿಕ ವಿಶ್ವವಿದ್ಯಾಲಯದ ಆವರಣವನ್ನು ಸೇರುತ್ತದೆ. ಅಲ್ಲಿನ ಪ್ರಯೋಗಾಲಯಗಳಲ್ಲಿ ಡೆಂಗೆಯೇ ಮೊದಲಾದ ಫ್ಲೇವಿವೈರಸ್‌ಗಳ ಕಿಣ್ವಗಳು ಹೇಗೆ ಮಡಚಿಕೊಳ್ಳುತ್ತವೆ, ಯಾವ ಅಣು ಅವುಗಳ ಬಾಯಿಗೆ ಬೀಗ ಹಾಕೀತು ಎಂಬ ಅಧ್ಯಯನ ವರ್ಷಗಳಿಂದ ನಡೆದಿದೆ. ಮೈಸೂರು, ಬೆಂಗಳೂರು, ಮಂಗಳೂರುಗಳಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದ ವಿದ್ಯಾರ್ಥಿಗೆ ಅಂಥ ಪ್ರಯೋಗಾಲಯ ಆಕರ್ಷಕವಾಗಿ ಕಂಡರೆ ಅದರಲ್ಲಿ ಆಶ್ಚರ್ಯವೂ ಇಲ್ಲ, ಅಪರಾಧವೂ ಇಲ್ಲ.

ವೈರಾಣುಶಾಸ್ತ್ರದ ಡಾಕ್ಟರೇಟ್ ಒಂಟಿ ತಪಸ್ಸಲ್ಲ. ಪುಸ್ತಕವನ್ನಿಟ್ಟುಕೊಂಡು ಮನೆಯಲ್ಲಿ ಕುಳಿತು ಅದನ್ನು ಮುಗಿಸಲಾಗದು. ಜೀವಕೋಶಗಳನ್ನು ಕೆಡದಂತೆ ಬೆಳೆಸಬೇಕು, ಅವುಗಳೊಳಗೆ ವೈರಾಣುವನ್ನು ಬೆಳೆಸಬೇಕು, ಮೈನಸ್ 80 ಡಿಗ್ರಿಯ ಫ್ರೀಜರ್ ಒಂದು ರಾತ್ರಿಯೂ ಕೈಕೊಡದಂತೆ ನೋಡಿಕೊಳ್ಳಬೇಕು. ರೋಗಿಗಳ ರಕ್ತಸಾರ ಬೇಕು, ಅದನ್ನು ಪಡೆಯಲು ನೈತಿಕ ಸಮಿತಿಯ ಒಪ್ಪಿಗೆ ಬೇಕು, ತಪ್ಪಿದ ಪ್ರಯೋಗವನ್ನು ಹತ್ತನೆಯ ಸಲ ಮಾಡಲು ಹಣ ಬೇಕು. ಎಲ್ಲಕ್ಕಿಂತ ಮಿಗಿಲಾಗಿ ನಾಲ್ಕೈದು ವರ್ಷ ಮನೆಯವರ ಮುಂದೆ ಕೈಚಾಚದೆ ಬದುಕುವಷ್ಟು ಶಿಷ್ಯವೇತನ, ತಿಂಗಳು ತಿಂಗಳೂ, ತಪ್ಪದೆ ಬರಬೇಕು. ಇವುಗಳಲ್ಲಿ ಒಂದು ಕಳಚಿದರೂ ಉಳಿದುದು ನಿಲ್ಲುತ್ತದೆ. ಇದು ದೇಶಪ್ರೇಮದಿಂದ ತುಂಬಿಸಬಹುದಾದ ಕೊರತೆಯಲ್ಲ.

ಸಿಂಗಪುರ ಈ ಲೆಕ್ಕವನ್ನು ಚೆನ್ನಾಗಿ ಅರಿತಿದೆ. ಅಲ್ಲಿನ ಎ-ಸ್ಟಾರ್ ಸಂಸ್ಥೆ ವಿಶ್ವವಿದ್ಯಾಲಯಗಳ ಜೊತೆಗೂಡಿ ವಿದೇಶಿ ವಿದ್ಯಾರ್ಥಿಗಳಿಗೆ ಕೊಡುವ ‘ಸಿಂಗಾ’ ವಿದ್ಯಾರ್ಥಿವೇತನ ನಾಲ್ಕು ವರ್ಷಗಳದು. ತಿಂಗಳಿಗೆ 2,700 ಸಿಂಗಪುರ ಡಾಲರ್; ಅರ್ಹತಾ ಪರೀಕ್ಷೆ ದಾಟಿದ ಮೇಲೆ 3,200. ಶುಲ್ಕವನ್ನೂ ಅದೇ ಭರಿಸುತ್ತದೆ. ಓದು ಮುಗಿದ ಮೇಲೆ ಅಲ್ಲಿಯೇ ದುಡಿಯಬೇಕೆಂಬ ಕರಾರಿಲ್ಲ. ರೂಪಾಯಿಗೆ ತಿರುಗಿಸಿದರೆ ಮೊದಲ ವರ್ಷದ ಮೊತ್ತವೇ ಒಂದೂವರೆ ಲಕ್ಷ ದಾಟುತ್ತದೆ. ಸಿಂಗಪುರದ ಬಾಡಿಗೆ ಅದರಲ್ಲಿ ದೊಡ್ಡ ಪಾಲನ್ನು ನುಂಗುತ್ತದೆ ಎಂಬುದು ನಿಜ; ಆದರೂ ಉಳಿದುದರಲ್ಲಿ ಮನುಷ್ಯ ಬದುಕಬಹುದು, ಊರಿಗೂ ಒಂದಿಷ್ಟು ಕಳುಹಿಸಬಹುದು.

ಇತ್ತ ಭಾರತದಲ್ಲಿ ರಾಷ್ಟ್ರೀಯ ಪರೀಕ್ಷೆ ಗೆದ್ದು ಕಿರಿಯ ಸಂಶೋಧನಾ ವೇತನ ಪಡೆದವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ, ಹಿರಿಯರಿಗೆ 42,000. ಅದೂ ಸಂಶೋಧನಾ ವಿದ್ಯಾರ್ಥಿಗಳು ಬೀದಿಗಿಳಿದ ಮೇಲೆ ಏರಿದ ಮೊತ್ತ. ಆ ಪರೀಕ್ಷೆಯ ಬಲವಿಲ್ಲದೆ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿಗೆ ಸೇರಿದವರಿಗೆ ತಿಂಗಳಿಗೆ 8,000. ಹತ್ತು ವರ್ಷಕ್ಕೂ ಮೇಲ್ಪಟ್ಟು ಕದಲದೆ ನಿಂತಿರುವ ಅಂಕಿ ಅದು. 2015ರಲ್ಲಿ ಅದನ್ನೂ ಕಿತ್ತುಕೊಳ್ಳಲು ಯುಜಿಸಿ ಹೊರಟಾಗ ವಿದ್ಯಾರ್ಥಿಗಳು ದೆಹಲಿಯ ಕಚೇರಿಯ ಮುಂದೆ ಚಳಿಯಲ್ಲಿ ಕುಳಿತು ತಡೆಯಬೇಕಾಯಿತು. ಇಂಥ ವ್ಯವಸ್ಥೆ ಹೊರಟುಹೋದವರನ್ನು ‘ಪಲಾಯನವಾದಿ’ ಎಂದು ಕರೆಯುವುದು, ಮನೆಯಲ್ಲಿ ಒಲೆ ಹಚ್ಚದವನು ಹೋಟೆಲಿನಲ್ಲಿ ಉಂಡವನನ್ನು ಬೈದಂತೆ.

ಹಣದ ಈ ವಾದ ಹಳೆಯದು, ಅದರಲ್ಲಿ ಹೊಸದೇನೂ ಇಲ್ಲ. ಅದಕ್ಕಿಂತ ಗಂಭೀರವಾದ ಪ್ರಶ್ನೆ ಬೇರೆಯಿದೆ. ಯಾವ ವೈರಾಣುವಿನ ಮೇಲೆ ಡಾಕ್ಟರೇಟ್ ಮಾಡಲು ಸಾಧ್ಯ, ಯಾವುದರ ಮೇಲೆ ಅಸಾಧ್ಯ ಎಂಬುದನ್ನು ತೀರ್ಮಾನಿಸುವವರು ಯಾರು?

ಸಿಂಗಪುರ ಡೆಂಗೆಯನ್ನು ಯಾಕೆ ಅಭ್ಯಸಿಸುತ್ತದೆ ಎಂಬುದರಲ್ಲಿ ಗುಟ್ಟಿಲ್ಲ. 2020ರಲ್ಲಿ ಆ ಪುಟ್ಟ ದ್ವೀಪದಲ್ಲಿ 35,000ಕ್ಕೂ ಹೆಚ್ಚು ಡೆಂಗೆ ಪ್ರಕರಣಗಳು ದಾಖಲಾದವು. ಅದು ಅಲ್ಲಿನ ದಾಖಲೆ. ಈಡಿಸ್ ಸೊಳ್ಳೆಗೆ ಬಂಗಲೆಯ ಹೂಕುಂಡವೂ ಒಂದೇ, ಕಟ್ಟಡ ಕಾರ್ಮಿಕನ ಬಕೆಟ್ಟೂ ಒಂದೇ. ಮಂತ್ರಿಯನ್ನೂ ಬ್ಯಾಂಕಿನ ಅಧಿಕಾರಿಯನ್ನೂ ಅದು ಕಚ್ಚುತ್ತದೆ. ಆದ್ದರಿಂದ ಪರಿಸರ ಇಲಾಖೆಗೆ ತನ್ನದೇ ಸಂಶೋಧನಾ ಸಂಸ್ಥೆಯಿದೆ, ಬಡಾವಣೆವಾರು ಸೋಂಕಿನ ನಕ್ಷೆ ಸಾರ್ವಜನಿಕರಿಗೆ ಸಿಗುತ್ತದೆ, 2016ರಿಂದ ವೊಲ್ಬಾಕಿಯಾ ಬ್ಯಾಕ್ಟೀರಿಯಾ ಹೊತ್ತ ಗಂಡು ಸೊಳ್ಳೆಗಳನ್ನು ಬಿಟ್ಟು ಸಂತಾನ ತಗ್ಗಿಸುವ ಯೋಜನೆ ನಡೆದಿದೆ. ಆಳುವವರ ಮೈಗೆ ತಾಗುವ ವೈರಾಣುವಿಗೆ ಪ್ರಯೋಗಾಲಯ ಸಿಗುತ್ತದೆ. ಪ್ರಯೋಗಾಲಯವಿದ್ದಲ್ಲಿಗೆ ವಿದ್ಯಾರ್ಥಿ ಬರುತ್ತಾನೆ, ಬರುತ್ತಾಳೆ.

ಡೆಂಗೆಯ ಕುಟುಂಬಕ್ಕೇ ಸೇರಿದ ಮತ್ತೊಂದು ವೈರಾಣು ಕರ್ನಾಟಕದ ಹೆಸರನ್ನೇ ಹೊತ್ತಿದೆ. 1957ರ ಆರಂಭದಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು; ಸುತ್ತಲಿನ ಹಳ್ಳಿಗಳಲ್ಲಿ ಜನ ತೀವ್ರ ಜ್ವರದಿಂದ ಮಲಗಿದರು. ಮಂಗಗಳ ಸಾವು ಕಂಡು ಮೊದಲಿಗೆ ಹಳದಿ ಜ್ವರವೇ ಭಾರತಕ್ಕೆ ಬಂತೆಂಬ ಭೀತಿ ಹುಟ್ಟಿತು. ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ 1952ರಲ್ಲಿ ಪುಣೆಯಲ್ಲಿ ಆರಂಭವಾಗಿದ್ದ ವೈರಸ್ ಸಂಶೋಧನಾ ಕೇಂದ್ರದ ಟೆಲ್ಫೋರ್ಡ್ ವರ್ಕ್ ಮತ್ತು ಸಂಗಡಿಗರು ಬಂದು ವೈರಾಣುವನ್ನು ಬೇರ್ಪಡಿಸಿದರು. ಅದು ರಷ್ಯಾದ ವಸಂತ-ಬೇಸಗೆಯ ಮಿದುಳುಜ್ವರದ ವೈರಾಣುವಿನ ಸಮೀಪ ಬಂಧು, ಉಣುಗುಗಳಿಂದ ಹರಡುವಂಥದು ಎಂದು ತಿಳಿಯಿತು. ಲೋಕದ ವೈದ್ಯ ಗ್ರಂಥಗಳಲ್ಲಿ ಕ್ಯಾಸನೂರು ಕಾಡಿನ ಕಾಯಿಲೆ ಎಂದು ದಾಖಲಾಯಿತು; ಮಲೆನಾಡಿನವರು ಅದನ್ನು ಮಂಗನ ಕಾಯಿಲೆ ಎಂದರು.

ಆ ಉಣುಗು ಯಾರನ್ನು ಕಚ್ಚುತ್ತದೆ ಎಂಬುದನ್ನು ಗಮನಿಸಬೇಕು. ನವೆಂಬರಿನಿಂದ ಮೇ ತಿಂಗಳವರೆಗೆ, ಮಳೆ ನಿಂತು ಕಾಡು ಒಣಗುವ ಕಾಲದಲ್ಲಿ, ಎಳೆಯ ಉಣುಗುಗಳು ನೆಲದ ತರಗೆಲೆಗಳಲ್ಲಿ ಕಾದಿರುತ್ತವೆ. ಅದೇ ಕಾಲದಲ್ಲಿ ಹೆಂಗಸರು ಕೊಟ್ಟಿಗೆಗೆ ದರಗು ಗುಡಿಸಲು, ಸೌದೆ ಆಯಲು ಕಾಡಿಗೆ ಹೋಗುತ್ತಾರೆ. ದನ ಮೇಯಿಸುವವರು ಹೋಗುತ್ತಾರೆ. ಗೇರು ಬೀಜ ಹೆಕ್ಕುವ ಕೂಲಿಗಳು, ಕಿರು ಅರಣ್ಯೋತ್ಪನ್ನ ಸಂಗ್ರಹಿಸುವ ಬುಡಕಟ್ಟಿನವರು, ಅರಣ್ಯ ಇಲಾಖೆಯ ದಿನಗೂಲಿ ಕಾವಲುಗಾರರು ಹೋಗುತ್ತಾರೆ. ವರ್ಷಕ್ಕೆ ನಾನೂರು ಐನೂರು ಪ್ರಕರಣಗಳೆಂದು ಸಾಮಾನ್ಯವಾಗಿ ಅಂದಾಜು ಹೇಳುತ್ತಾರೆ. ಸೋಂಕಿತರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ. ಬದುಕಿದವರು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ, ಕೂಲಿಗೆ ಹೋಗಲಾಗದೆ ಉಳಿಯುತ್ತಾರೆ. ಈ ಉಣುಗು ವಿಧಾನಸೌಧದ ಮೆಟ್ಟಿಲು ಹತ್ತುವುದಿಲ್ಲ.

ಇದು ಕೇವಲ ಪ್ರಕೃತಿಯ ಕೋಪವೂ ಅಲ್ಲ. ಬೆಳ್ತಂಗಡಿ ತಾಲ್ಲೂಕಿನ ಪಟ್ರಮೆಯ ಬಳಿ ಸುಮಾರು 400 ಹೆಕ್ಟೇರ್ ಕಾಡನ್ನು ಗೇರು ತೋಟಕ್ಕಾಗಿ ಕಡಿದ ಮೇಲೆ, 1982-83ರಲ್ಲಿ ದಕ್ಷಿಣ ಕನ್ನಡದಲ್ಲಿ ಕಾಯಿಲೆ ಸ್ಫೋಟಿಸಿತು. 1,555 ಪ್ರಕರಣಗಳು, 150 ಸಾವು. ಅಲ್ಲಿಂದಾಚೆಗೆ ವೈರಾಣು ಶಿವಮೊಗ್ಗದಲ್ಲಿ ಉಳಿಯಲಿಲ್ಲ. 2012ರಲ್ಲಿ ಬಂಡೀಪುರದ ಅಂಚಿನಲ್ಲಿ ಕಂಡಿತು. ಮುಂದೆ ವಯನಾಡು, ನೀಲಗಿರಿ, ಗೋವೆಯ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗ ಹೀಗೆ ಪಶ್ಚಿಮ ಘಟ್ಟದುದ್ದಕ್ಕೂ ಚಾಚಿತು. 2019ರ ಬೇಸಗೆಗೆ ಮುನ್ನ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಸಾಲುಸಾಲಾಗಿ ಸಾವುಗಳಾದಾಗ ಮಾತ್ರ ಬೆಂಗಳೂರಿನ ಟಿವಿ ವಾಹಿನಿಗಳ ಕ್ಯಾಮೆರಾಗಳು ಘಟ್ಟ ಹತ್ತಿದವು. ಮಳೆ ಬಂತು, ಕ್ಯಾಮೆರಾಗಳು ಇಳಿದವು.

ಲಸಿಕೆಯ ಚರಿತ್ರೆ ಇದಕ್ಕಿಂತ ಶೋಚನೀಯ. ಮೊದಲು ರಷ್ಯಾದ ವೈರಾಣುವಿನಿಂದ ತಯಾರಾದ ಲಸಿಕೆಯನ್ನು ಮಲೆನಾಡಿನವರಿಗೆ ಚುಚ್ಚಿ ನೋಡಲಾಯಿತು. ಅದು ರಕ್ಷಣೆ ಕೊಡಲಿಲ್ಲ. ಬಳಿಕ ಕ್ಯಾಸನೂರಿನ ವೈರಾಣುವನ್ನೇ ಕೋಳಿಭ್ರೂಣದ ಜೀವಕೋಶಗಳಲ್ಲಿ ಬೆಳೆಸಿ, ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ ಲಸಿಕೆ ಬಂತು. 1990ರ ದಶಕದಿಂದ ಅದು ಬಳಕೆಯಲ್ಲಿತ್ತು. ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು, ಆರರಿಂದ ಒಂಬತ್ತು ತಿಂಗಳೊಳಗೆ ಬೂಸ್ಟರ್, ಆಮೇಲೆ ಐದು ವರ್ಷ ಪ್ರತಿವರ್ಷ ಮತ್ತೊಂದು. 2005ರಿಂದ 2010ರವರೆಗಿನ ಅಂಕಿಗಳನ್ನು ಪರಿಶೀಲಿಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಎರಡು ಡೋಸಿನಿಂದ ಸಿಕ್ಕ ರಕ್ಷಣೆ ಶೇಕಡ 62.4, ಬೂಸ್ಟರ್ ಸೇರಿದರೆ ಶೇಕಡ 82.9 ಎಂದು ಅದು ತೋರಿಸಿತು. ಚುಚ್ಚಿದ ಜಾಗ ದಿನಗಟ್ಟಲೆ ನೋಯುತ್ತಿತ್ತು, ಕೂಲಿ ತಪ್ಪುತ್ತಿತ್ತು. ಬೂಸ್ಟರಿಗೆ ಬರುವವರು ವಿರಳರಾದರು. ಜನರಿಗೆ ಅರಿವಿಲ್ಲವೆಂದು ಅಧಿಕಾರಿಗಳು ದೂರಿದರು. ಕೊನೆಗೆ 2022ರಲ್ಲಿ ಲಸಿಕೆಗೇ ಸಾಕಷ್ಟು ಶಕ್ತಿಯಿಲ್ಲವೆಂದು ಅದರ ಬಳಕೆಯನ್ನು ಕೈಬಿಡಲಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಜೊತೆಗೂಡಿ ಹೊಸ ಲಸಿಕೆಯ ಕೆಲಸವನ್ನು ಕೈಗೆತ್ತಿಕೊಂಡಿದೆ. ಹಳೆಯದು ನಿಂತ ಮೇಲೆ ಕಾಡಿಗೆ ಹೋಗುವ ಹೆಂಗಸಿನ ಕೈಗೆ ಸಿಕ್ಕಿದ್ದು ಉಣುಗು ದೂರವಿಡುವ ಡೇಪಾ ತೈಲದ ಒಂದು ಬಾಟಲಿ.

ವೈರಾಣು ಸಿಕ್ಕಿ ಅರವತ್ತೈದು ವರ್ಷಗಳಾದ ಮೇಲೆ ಒಂದು ನಾಡು ತೈಲದ ಬಾಟಲಿಗೆ ಮರಳಿತು. ಇದನ್ನು ವಿಜ್ಞಾನದ ಸೋಲು ಎನ್ನುವವರು ಪ್ರಶ್ನೆಯಿಂದ ತಪ್ಪಿಸಿಕೊಳ್ಳುತ್ತಾರೆ. ಕೆಲವು ರೋಗಿಗಳಲ್ಲಿ ಮೂರನೆಯ ವಾರದಲ್ಲಿ ಜ್ವರ ಮರುಕಳಿಸುವುದೇಕೆ, ಮಿದುಳಿಗೆ ಕೆಲವರಲ್ಲಿ ಮಾತ್ರ ವೈರಾಣು ನುಗ್ಗುವುದೇಕೆ, ಲಸಿಕೆಯ ಪ್ರತಿಕಾಯಗಳು ಬೇಗ ಕುಸಿಯುವುದೇಕೆ, ಮಂಗ ಸತ್ತ ಜಾಗದಿಂದ ಎಷ್ಟು ದೂರದವರೆಗೆ ಎಚ್ಚರಿಕೆ ಬೇಕು: ಇವೆಲ್ಲ ಒಂದೊಂದು ಡಾಕ್ಟರೇಟ್ ಪ್ರಬಂಧಕ್ಕೆ ಸಾಲುವ ಪ್ರಶ್ನೆಗಳು. ಪ್ರಶ್ನೆಗಳಿಗೆ ಕೊರತೆಯಿಲ್ಲ. ಅವುಗಳನ್ನು ಹಿಡಿದು ಐದು ವರ್ಷ ಕೂರಬಲ್ಲವರಿಗೆ ಕುರ್ಚಿಯಿಲ್ಲ.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ, ಅದು ನ್ಯಾಯವಾದದ್ದು. ಡೆಂಗೆಯ ಕೆಲಸವನ್ನು ಜೈವಿಕ ಸುರಕ್ಷತೆಯ 2ನೇ ಹಂತದ ಸಾಧಾರಣ ಪ್ರಯೋಗಾಲಯದಲ್ಲಿ ಮಾಡಬಹುದು. ಕ್ಯಾಸನೂರಿನ ವೈರಾಣು ಅಂಥದಲ್ಲ; ಅಮೆರಿಕದ ವರ್ಗೀಕರಣದಲ್ಲಿ ಅದು ಅತಿ ಅಪಾಯದ 4ನೇ ಹಂತಕ್ಕೆ ಸೇರಿದೆ. ಪ್ರಯೋಗಾಲಯದ ಸಿಬ್ಬಂದಿಗೇ ಅದು ಅಂಟಿದ ಇತಿಹಾಸವಿದೆ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಲ್ಲಿ 4ನೇ ಹಂತದ ಪ್ರಯೋಗಾಲಯ ಸಿದ್ಧವಾದದ್ದು 2012ರಲ್ಲಿ. ಶಿವಮೊಗ್ಗದ ವೈರಾಣು ರೋಗ ಪತ್ತೆ ಪ್ರಯೋಗಾಲಯದ ಹೊಣೆ ಪತ್ತೆ ಹಚ್ಚುವುದು. ಡಾಕ್ಟರೇಟ್ ವಿದ್ಯಾರ್ಥಿಗಳ ತಂಡ ಕಟ್ಟಲು ಅದನ್ನು ಸ್ಥಾಪಿಸಿದ್ದಲ್ಲ. ಆದ್ದರಿಂದ, ಅಪಾಯಕಾರಿ ವೈರಾಣುವಿನ ಮೇಲೆ ವಿದ್ಯಾರ್ಥಿಗಳನ್ನು ಬಿಡಲಾಗದು ಎಂಬುದು ಆಕ್ಷೇಪಣೆ.

ಸರಿ, ಅಪಾಯಕಾರಿ. ಆದರೆ ಅಪಾಯದ ಲೆಕ್ಕ ಪ್ರಯೋಗಾಲಯದ ಬಾಗಿಲಲ್ಲಿ ಮಾತ್ರ ಏಕೆ ಶುರುವಾಗುತ್ತದೆ? ಅದೇ ವೈರಾಣುವಿನೆದುರು ವಿಜ್ಞಾನಿಗೆ ಗಾಳಿ ಶೋಧಿಸುವ ಕೋಣೆ, ಒಂದರ ಹಿಂದೊಂದು ಬಾಗಿಲು, ಮೈಮುಚ್ಚುವ ಉಡುಪು ಕಡ್ಡಾಯ. ಬರಿಗಾಲಿನಲ್ಲಿ ದರಗು ಗುಡಿಸುವವಳಿಗೆ ಕಡ್ಡಾಯವಾದದ್ದು ಯಾವುದೂ ಇಲ್ಲ. ವೈರಾಣುವಿನ ಅಪಾಯವನ್ನು ಮುಂದಿಟ್ಟು ಮಲೆನಾಡಿಗೆ ಉನ್ನತ ಪ್ರಯೋಗಾಲಯ ಕೊಡಲಾಗದು ಎನ್ನುವ ವಾದ, ಅದೇ ಅಪಾಯದ ನಡುವೆ ಮಲೆನಾಡಿನವರು ಬದುಕುತ್ತಿರುವುದನ್ನು ಮರೆತಿದೆ. ಅಪಾಯ ಹೆಚ್ಚಿದ್ದಷ್ಟೂ ಒಳ್ಳೆಯ ಪ್ರಯೋಗಾಲಯ ಅಲ್ಲಿಗೇ ಬೇಕು.

ಇನ್ನೊಂದು ಆಕ್ಷೇಪಣೆ ಸಂಖ್ಯೆಯದು. ಲಕ್ಷಗಟ್ಟಲೆ ಜನರಿಗೆ ಡೆಂಗೆ, ಕ್ಷಯ ಇರುವ ದೇಶದಲ್ಲಿ ನೂರಾರು ಜನರ ಕಾಯಿಲೆಗೆ ಇಷ್ಟು ಖರ್ಚೇಕೆ ಎಂದು ಕೇಳುವವರಿದ್ದಾರೆ. ಅವರು ಮತ್ತೊಂದು ಕಾಡಿನ ಕಥೆಯನ್ನು ನೆನೆಯಬೇಕು. 1947ರಲ್ಲಿ ಉಗಾಂಡದ ಜೀಕಾ ಕಾಡಿನಲ್ಲಿ, ರಾಕ್‌ಫೆಲರ್ ಪ್ರತಿಷ್ಠಾನವೇ ಹುಟ್ಟುಹಾಕಿದ್ದ ಸಂಸ್ಥೆಯ ವಿಜ್ಞಾನಿಗಳು, ಜ್ವರ ಬಂದ ಒಂದು ಮಂಗದಿಂದ ಒಂದು ವೈರಾಣುವನ್ನು ಪಡೆದರು. ಅದೂ ಫ್ಲೇವಿವೈರಸ್. ಆಫ್ರಿಕದ ಬಡವರ ಸಣ್ಣ ಜ್ವರವೆಂದು ಅರವತ್ತು ವರ್ಷ ಅದನ್ನು ಬದಿಗಿಡಲಾಯಿತು. 2015ರಲ್ಲಿ ಬ್ರೆಜಿಲಿನಲ್ಲಿ ಕುಗ್ಗಿದ ತಲೆಯ ಶಿಶುಗಳು ಹುಟ್ಟತೊಡಗಿದಾಗ ಜಗತ್ತು ಗ್ರಂಥಾಲಯಗಳಲ್ಲಿ ಹುಡುಕಿತು. ಸಿಕ್ಕಿದ್ದು ಬೆರಳೆಣಿಕೆಯ ಹಳೆಯ ಲೇಖನಗಳು. 2016ರ ಆಗಸ್ಟ್‌ನಲ್ಲಿ ಅದು ಸಿಂಗಪುರವನ್ನೂ ತಲುಪಿತು. ಜೀಕಾ ಮತ್ತು ಕ್ಯಾಸನೂರು, ಎರಡು ಕಾಡುಗಳ ಹೆಸರಿನ ಎರಡು ವೈರಾಣುಗಳು; ಮೊದಲನೆಯದು ಊರು ಬಿಟ್ಟು ಹೊರಟಾಗ ಮಾತ್ರ ಗೌರವ ಪಡೆಯಿತು. ಎರಡನೆಯದು ಗೌರವ ಪಡೆಯಲು ಬೆಂಗಳೂರಿನವರೆಗೆ ಬರಬೇಕೆಂದು ಕಾಯುವುದು ಆರೋಗ್ಯ ನೀತಿಯಲ್ಲ.

ಈಗ ಮತ್ತೆ ಜುರಾಂಗ್ ವೆಸ್ಟ್‌ನ ವಿದ್ಯಾರ್ಥಿಯ ಕಡೆ ನೋಡಬೇಕು. ಡೆಂಗೆಯ ಕಿಣ್ವದ ರಚನೆಯನ್ನು ಬಿಡಿಸಲು ಕಲಿತವರಿಗೆ ಕ್ಯಾಸನೂರಿನ ವೈರಾಣುವಿನ ಕಿಣ್ವ ಅಪರಿಚಿತವಲ್ಲ. ಒಂದೇ ಮನೆತನದ ಎರಡು ಮುಖಗಳವು. ಕೈಯಲ್ಲಿರುವ ಕೌಶಲ ಮಲೆನಾಡಿಗೆ ಬೇಕಾದದ್ದೇ. ಆದರೆ ಭಾರತದಿಂದ ರೋಗಿಗಳ ಮಾದರಿಗಳನ್ನೂ ಅಪಾಯಕಾರಿ ವೈರಾಣುವನ್ನೂ ಹೊರಗೆ ಕಳುಹಿಸಲು ಬಿಗಿಯಾದ ನಿಯಮಗಳಿವೆ, ಇರಬೇಕಾದದ್ದೂ ಸರಿ. ಬಡ ದೇಶಗಳ ರಕ್ತ ಸಿರಿವಂತ ದೇಶಗಳ ಫ್ರೀಜರ್ ಸೇರಿ ಪೇಟೆಂಟಾಗಿ ಮರಳಿದ ಅನುಭವ ಜಗತ್ತಿಗಿದೆ. ಹಾಗಾದರೆ ವೈರಾಣು ಗಡಿ ದಾಟಬಾರದು, ವಿದ್ಯಾರ್ಥಿ ಗಡಿಯೊಳಗೆ ಓದಲಾಗದು. ಈ ಎರಡು ವಾಕ್ಯಗಳನ್ನು ಒಟ್ಟಿಗಿಟ್ಟು ಓದಿದರೆ ಫಲಿತಾಂಶ ಸ್ಪಷ್ಟವಾಗುತ್ತದೆ: ಕ್ಯಾಸನೂರಿನ ವೈರಾಣುವನ್ನು ಅಭ್ಯಸಿಸುವವರ ಸಂಖ್ಯೆ ಎಂದೂ ಬೆಳೆಯದು. ‘ಮರಳಿ ಬನ್ನಿ’ ಎಂಬ ಕರೆಗೆ ಅರ್ಥ ಬರಬೇಕಾದರೆ ಮರಳಿ ಎಲ್ಲಿಗೆ ಎಂಬುದನ್ನೂ ಹೇಳಬೇಕು.

ವಲಸೆ ಕನ್ನಡಿಗರಿಗೆ ಅಹಿತವಾದ ಮತ್ತೊಂದು ಮಾತನ್ನೂ ಇಲ್ಲಿ ಆಡಬೇಕು. ಜುರಾಂಗ್‌ಗೆ ಬರುವ ವಿದ್ಯಾರ್ಥಿಗಳು ಬಹುಮಟ್ಟಿಗೆ ನಗರದ, ಇಂಗ್ಲಿಷ್ ಮಾಧ್ಯಮದ, ಮನೆಯಲ್ಲಿ ಮೊದಲೇ ಪದವೀಧರರಿದ್ದ ಕುಟುಂಬಗಳವರು. ಅರಳಗೋಡಿನ ಕೂಲಿಕಾರಳ ಮಗಳಿಗೆ ಸ್ನಾತಕೋತ್ತರ ಪದವಿಯಲ್ಲಿ ಜೀವಕೋಶ ಬೆಳೆಸಿ ನೋಡುವ ಪ್ರಯೋಗಾಲಯವೇ ಸಿಗದಿದ್ದರೆ, ‘ಸಂಶೋಧನಾ ಅನುಭವ’ ಕೇಳುವ ಅರ್ಜಿಯನ್ನು ಅವಳು ತುಂಬುವುದು ಹೇಗೆ? ಪ್ರತಿಭಾ ಪಲಾಯನದ ಗೋಳಾಟ ಹೊರಟವರ ಸುತ್ತಲೇ ಸುತ್ತುತ್ತದೆ. ಹೊರಡುವ ಸರತಿಯಲ್ಲೂ ನಿಲ್ಲಲಾಗದವರ ಬಗ್ಗೆ ಅದಕ್ಕೆ ಚಿಂತೆಯಿಲ್ಲ. ಉಣುಗು ಕಚ್ಚುವ ಮನೆಗಳಿಂದ ವೈರಾಣುಶಾಸ್ತ್ರಜ್ಞರು ಬರುವುದಿಲ್ಲ ಎಂಬುದೇ ಈ ಇಡೀ ಕಥೆಯ ತಿರುಳು.

ಹಾಗೆಂದು ಸಿಂಗಪುರವನ್ನು ಆದರ್ಶವೆಂದು ಹೊತ್ತು ಮೆರೆಸುವುದೂ ಬೇಡ. 2020ರ ಏಪ್ರಿಲ್‌ನಲ್ಲಿ ಕೋವಿಡ್ ವಲಸೆ ಕಾರ್ಮಿಕರ ವಸತಿಗಳಿಗೆ ನುಗ್ಗಿದಾಗ, ಮೊದಲು ದಿಗ್ಬಂಧನಕ್ಕೊಳಗಾದ ಎರಡರಲ್ಲಿ ಒಂದು ಪಕ್ಕದ ಜುರಾಂಗ್ ಈಸ್ಟ್ ಕಡೆಯ ತೋ ಗುವಾನ್‌ನದು. ಒಂದೇ ಕೋಣೆಯಲ್ಲಿ ಹತ್ತಾರು ಮಂದಿ ಮಲಗುತ್ತಿದ್ದ ತಮಿಳು, ಬಂಗಾಳಿ, ತೆಲುಗು ಕಾರ್ಮಿಕರ ಸೋಂಕಿನ ಅಂಕಿಯನ್ನು ‘ಸಮುದಾಯ’ದ ಅಂಕಿಯಿಂದ ಬೇರೆ ಕಾಲಮಿನಲ್ಲಿ ಪ್ರತಿದಿನ ಪ್ರಕಟಿಸಲಾಯಿತು. ವರ್ಷದ ಕೊನೆಗೆ ಸರ್ಕಾರವೇ ಕೊಟ್ಟ ಲೆಕ್ಕದಂತೆ ವಸತಿಗಳಲ್ಲಿದ್ದ 3,23,000 ಕಾರ್ಮಿಕರಲ್ಲಿ ಶೇಕಡ 47ರಷ್ಟು ಮಂದಿಗೆ ಸೋಂಕು ತಗುಲಿತ್ತು. ಅದೇ ದ್ವೀಪದ ವೈರಾಣು ಪ್ರಯೋಗಾಲಯಗಳು ಆ ವರ್ಷ ಜಗತ್ತಿನ ಮೆಚ್ಚುಗೆ ಪಡೆದವು. ವಿಜ್ಞಾನ ಉತ್ತಮವಾಗಿದ್ದ ಮಾತ್ರಕ್ಕೆ ಅದು ಎಲ್ಲರನ್ನೂ ಒಂದೇ ಕಾಲಮಿನಲ್ಲಿ ಎಣಿಸುವುದಿಲ್ಲ. ಕರ್ನಾಟಕಕ್ಕೆ ಬೇಕಾದದ್ದು ಸಿಂಗಪುರದ ನಕಲಲ್ಲ.

ಆದರೆ ಜುರಾಂಗ್ ವೆಸ್ಟ್‌ನ ನೆಲದಲ್ಲಿ ಕಲಿಯಬೇಕಾದ ಹಳೆಯ ಪಾಠವೊಂದಿದೆ. ಇಂದಿನ ವಿಶ್ವವಿದ್ಯಾಲಯವಿರುವ ಜಾಗದಲ್ಲಿ 1950ರ ದಶಕದಲ್ಲಿ ಚೀನೀ ಭಾಷಿಕರು ನಾನ್ಯಾಂಗ್ ವಿಶ್ವವಿದ್ಯಾಲಯವನ್ನು ಕಟ್ಟಿದರು. ವಸಾಹತು ಸರ್ಕಾರ ತಮ್ಮ ಭಾಷೆಯಲ್ಲಿ ಓದಿದ ಮಕ್ಕಳಿಗೆ ಉನ್ನತ ಶಿಕ್ಷಣದ ದಾರಿ ತೋರದಿದ್ದಾಗ, 1953ರಲ್ಲಿ ರಬ್ಬರ್ ವ್ಯಾಪಾರಿ ತಾನ್ ಲಾರ್ಕ್ ಸೈ ಕರೆಕೊಟ್ಟರು. ಹೊಕ್ಕಿಯೆನ್ ಸಂಘ ಜುರಾಂಗ್‌ನಲ್ಲಿ 500 ಎಕರೆಗೂ ಮೇಲ್ಪಟ್ಟು ಜಮೀನು ಕೊಟ್ಟಿತು. ಸೈಕಲ್ ರಿಕ್ಷಾ ತುಳಿಯುವವರು ಒಂದು ದಿನದ ದುಡಿಮೆಯನ್ನು ಕೊಟ್ಟರು. 1956ರಲ್ಲಿ ತರಗತಿಗಳು ಆರಂಭವಾದವು. ಮುಂದೆ ರಾಜ್ಯ ಅದನ್ನು ಅನುಮಾನದಿಂದ ಕಂಡಿತು, ತಾನ್ ಲಾರ್ಕ್ ಸೈ ಪೌರತ್ವವನ್ನೇ ಕಳೆದುಕೊಂಡರು, 1980ರಲ್ಲಿ ವಿಶ್ವವಿದ್ಯಾಲಯವೂ ವಿಲೀನದ ಹೆಸರಿನಲ್ಲಿ ಮುಗಿಯಿತು. ಮರುವರ್ಷ ಅದೇ ಆವರಣದಲ್ಲಿ ತಾಂತ್ರಿಕ ಸಂಸ್ಥೆ ಬಂತು, 1991ರಲ್ಲಿ ಅದು ಇಂದಿನ ಹೆಸರು ಪಡೆಯಿತು. ಹಳೆಯ ವಿಶ್ವವಿದ್ಯಾಲಯದ ಮೂಲ ಕಮಾನು ಇಂದು ಆವರಣದ ಹೊರಗೆ, ಜುರಾಂಗ್ ವೆಸ್ಟ್ 93ನೇ ಬೀದಿಯ ಮನೆಗಳ ನಡುವೆ, ಒಂಟಿಯಾಗಿ ನಿಂತಿದೆ.

ಆ ಕಮಾನಿನ ಪಾಠ ಸರಳ. ಹೊರನಾಡಿಗೆ ಬಂದ ಒಂದು ಭಾಷಾ ಸಮುದಾಯ ತನ್ನ ಮಕ್ಕಳ ಜ್ಞಾನಕ್ಕೆ ಕಟ್ಟಡ ಬೇಕೆಂದು ತೀರ್ಮಾನಿಸಿದಾಗ ರಿಕ್ಷಾದವನೂ ದುಡ್ಡು ಕೊಟ್ಟ. ಹೊರನಾಡ ಕನ್ನಡಿಗರು ಉತ್ಸವಗಳಿಗೆ, ದೇವಾಲಯಗಳಿಗೆ, ಸಮ್ಮೇಳನಗಳಿಗೆ ಕೊಟ್ಟಿದ್ದಾರೆ, ಕೊಡುತ್ತಿದ್ದಾರೆ. ಅವುಗಳನ್ನು ಹೀಗಳೆಯಬೇಕಾಗಿಲ್ಲ, ಆದರೆ ಕನ್ನಡದ ಹೆಸರಿನ ವೈರಾಣುವಿನ ಮೇಲೆ ಒಬ್ಬ ವಿದ್ಯಾರ್ಥಿಯನ್ನು ಓದಿಸಬೇಕೆಂಬ ಠರಾವು ಆ ವೇದಿಕೆಗಳ ಮೇಲೆ ಏಕೆ ಬರುವುದಿಲ್ಲ ಎಂದು ಕೇಳಲೇಬೇಕು. ಪ್ರಗತಿಪರರೆನಿಸಿಕೊಂಡವರ ಪಾಲೂ ಇದರಲ್ಲಿದೆ. ಲಸಿಕಾ ಪೇಟೆಂಟುಗಳ ಅನ್ಯಾಯದ ಬಗ್ಗೆ ಅವರು ಬರೆದದ್ದು ಬಹಳ. ಸಾಗರ ತಾಲ್ಲೂಕಿನಲ್ಲಿ ಲಸಿಕೆಯೇ ಇಲ್ಲದಂತಾದಾಗ ಬರೆದದ್ದು ಕಡಿಮೆ.

ದಾನವೇ ಪರಿಹಾರವೆಂದು ಇದರರ್ಥವಲ್ಲ. ಮೊದಲ ಹೊಣೆ ಕರ್ನಾಟಕ ಸರ್ಕಾರದ್ದು, ಅದರ ಜೊತೆಗೆ ಕೇಂದ್ರದ್ದು. ಕೇಳಬೇಕಾದದ್ದನ್ನು ಸ್ಪಷ್ಟವಾಗಿ ಕೇಳಬೇಕು. ಶಿವಮೊಗ್ಗ ಜಿಲ್ಲೆಯಲ್ಲಿ ಜೀವಂತ ವೈರಾಣುವಿನ ಮೇಲೆ ಕೆಲಸ ಮಾಡಬಲ್ಲ, ಸಂಶೋಧನೆಯನ್ನೇ ಉದ್ದೇಶವಾಗಿ ಉಳ್ಳ ಸುರಕ್ಷಿತ ಪ್ರಯೋಗಾಲಯ ಬೇಕು. ಅದನ್ನು ಕುವೆಂಪು ವಿಶ್ವವಿದ್ಯಾಲಯಕ್ಕೂ ಜಿಲ್ಲೆಯ ಸರ್ಕಾರಿ ವೈದ್ಯಕೀಯ ಕಾಲೇಜಿಗೂ ಜೋಡಿಸಬೇಕು. ಗುತ್ತಿಗೆಯವರಲ್ಲದ ಕಾಯಂ ವಿಜ್ಞಾನಿಗಳು ಅಲ್ಲಿರಬೇಕು. ಮಂಗನ ಕಾಯಿಲೆಗೆಂದೇ ಇಪ್ಪತ್ತು ಡಾಕ್ಟರೇಟ್ ವೇತನಗಳನ್ನು ರಾಜ್ಯ ಘೋಷಿಸಬೇಕು. ತಿಂಗಳಿಗೆ 42,000 ರೂಪಾಯಿಯಂತೆ ಕೊಟ್ಟರೂ ವರ್ಷಕ್ಕೆ ತಗುಲುವುದು ಒಂದು ಕೋಟಿ ಎಂಬತ್ತು ಸಾವಿರ. ಒಂದು ರಾಜ್ಯದ ಬಜೆಟ್ಟಿನಲ್ಲಿ ಅದು ಕಣ್ಣಿಗೂ ಕಾಣದ ಮೊತ್ತ. ಆ ವೇತನಗಳಲ್ಲಿ ಅರ್ಧವಾದರೂ ಸೋಂಕುಪೀಡಿತ ತಾಲ್ಲೂಕುಗಳ ವಿದ್ಯಾರ್ಥಿಗಳಿಗೆ, ಅದರೊಳಗೆ ದಲಿತ ಮತ್ತು ಬುಡಕಟ್ಟಿನವರಿಗೆ ಮೀಸಲಾಗಬೇಕು.

ಹೊರದೇಶದಲ್ಲಿರುವ ಕನ್ನಡಿಗ ವೈರಾಣುಶಾಸ್ತ್ರಜ್ಞರಿಗೆ ಇಲ್ಲಿ ನಿಜವಾದ ಪಾತ್ರವಿದೆ. ಸಹ ಮಾರ್ಗದರ್ಶಕರಾಗಿ ಅವರ ಹೆಸರು ನೋಂದಣಿಯಾಗಲಿ. ಶಿವಮೊಗ್ಗದ ವಿದ್ಯಾರ್ಥಿ ಆರು ತಿಂಗಳು ಜುರಾಂಗ್‌ನಲ್ಲಿ ತಂತ್ರ ಕಲಿತು, ಅದನ್ನು ಶಿವಮೊಗ್ಗದಲ್ಲೇ ವೈರಾಣುವಿನ ಮೇಲೆ ಪ್ರಯೋಗಿಸಲಿ. ವೈರಾಣು ಊರಿನಲ್ಲೇ ಉಳಿಯುತ್ತದೆ, ಓಡಾಡುವುದು ಜ್ಞಾನ. ತಾಲ್ಲೂಕುವಾರು ಸೋಂಕು ಮತ್ತು ಸಾವಿನ ಅಂಕಿಗಳನ್ನು ಪ್ರತಿವಾರ ಕನ್ನಡದಲ್ಲಿ ಪ್ರಕಟಿಸುವಂತೆ ಅವರು ಒತ್ತಾಯಿಸಲಿ. ಹೊಸ ಲಸಿಕೆಯ ಪ್ರಯೋಗಕ್ಕೆ ಮೈಯೊಡ್ಡುವವರಿಗೆ ಅದರ ಫಲಿತಾಂಶ ಅವರ ಭಾಷೆಯಲ್ಲಿ ತಲುಪಲಿ. ರಕ್ತ ಕೊಟ್ಟವರಿಗೆ ಅವರ ರಕ್ತದಲ್ಲಿ ಏನು ಕಂಡಿತು ಎಂದು ಹೇಳದ ಪ್ರಬಂಧಕ್ಕೆ ಡಾಕ್ಟರೇಟ್ ಸಿಗಬಾರದು.

ಇವೆಲ್ಲ ಆದ ಮೇಲೂ ಕೆಲವರು ಜುರಾಂಗ್ ವೆಸ್ಟ್‌ಗೆ ಬರುತ್ತಾರೆ, ಬರಲಿ. ಆಯ್ಕೆಯಿದ್ದು ಹೊರಡುವುದಕ್ಕೂ ಜಾಗವಿಲ್ಲದೆ ಹೊರಡುವುದಕ್ಕೂ ವ್ಯತ್ಯಾಸವಿದೆ. ಆ ವ್ಯತ್ಯಾಸವನ್ನು ಸೃಷ್ಟಿಸದ ಸರ್ಕಾರಕ್ಕೆ ಹೊರಟವರನ್ನು ದೂರುವ ನೈತಿಕ ಹಕ್ಕಿಲ್ಲ. ಅದನ್ನು ಕೇಳದ ಸಂಘಗಳಿಗೆ ಅವರ ಹೆಸರಿನಲ್ಲಿ ಬೀಗುವ ಹಕ್ಕೂ ಇಲ್ಲ. ಮುಂದಿನ ನವೆಂಬರಿನಲ್ಲಿ ಮಳೆ ನಿಂತು ಎಲೆಗಳು ಉದುರುತ್ತವೆ, ಉಣುಗುಗಳು ಏಳುತ್ತವೆ, ಸೊರಬ ಸಾಗರಗಳ ಹೆಂಗಸರು ದರಗಿಗೆ ಹೋಗುತ್ತಾರೆ. ಅಷ್ಟರೊಳಗೆ ಇಪ್ಪತ್ತು ಹೆಸರುಗಳ ಒಂದು ಪಟ್ಟಿಯನ್ನಾದರೂ ರಾಜ್ಯ ಪ್ರಕಟಿಸಲಿ. ಆಮೇಲೆ ಪಲಾಯನದ ಮಾತಾಡೋಣವೆಂದರೆ ಕೇಳುವವರು ಇದ್ದಾರೆ.